ಕುರ್ಚಿ ಜೋಡಿಸುವ ಹೊತ್ತು



ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಹುಡುಗ ಬಾಡಿಗೆ ಹಾಲಿನ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ರಾತ್ರಿ ಪಾಳಿ ಮುಗಿಸಿ, ಮಾನಸರೋವರ ಸ್ಟೇಷನ್ನಿನಲ್ಲಿಳಿದು ನೇರವಾಗಿ ಬಂದವನು. ನಾನೂ ಕೈಹಾಕಿದೆ. ಏಳೆಂಟು ಕುರ್ಚಿ ಎತ್ತುವ ತನಕ ಮಾತಿಲ್ಲ. ಆಮೇಲೆ ನನ್ನ ಮುಖ ನೋಡದೆಯೇ, "ಅಂಕಲ್, ಊರಿಂದ ಅಪ್ಪ ಫೋನ್ ಮಾಡಿದ್ರೆ ಸಂಬಳದ ಮಾತೇ. ನಾನು ಹೇಗಿದ್ದೀನಿ ಅಂತ ಕೇಳೋದೇ ಇಲ್ಲ" ಅಂದ. ಎದುರು ಕೂರಿಸಿ ವಿಚಾರಿಸಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ.

ಕಾಮೋಠೆಯ ಈ ಸಂಕಿರಣದ ಇಂದಿನ ವಿಷಯ ಕ್ರೈಸ್ತ ಪುರುಷತ್ವ ಮತ್ತು ಯುವಕರ ಮಾರ್ಗದರ್ಶನ. ಪುರುಷತ್ವ ಎಂದ ಕೂಡಲೇ ಮನೆಯ ಯಜಮಾನಿಕೆಯ ಮಾತೆತ್ತುವವರಿದ್ದಾರೆ. ಆದರೆ ಪೌಲನು ತಿಮೊಥೆಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯ ತೆಗೆದು ನೋಡಿ. ಅಲ್ಲಿ ಅವನು ನೆನೆಯುವುದು ತಿಮೊಥೆಯ ಅಜ್ಜಿ ಲೋವಿ, ತಾಯಿ ಯೂನೀಕೆ ಇವರ ನಂಬಿಕೆಯನ್ನು. ಆ ಹೆಂಗಸರು ಹಾಕಿದ ಬುನಾದಿಯ ಮೇಲೆಯೇ ಪೌಲನು ಆ ಹುಡುಗನನ್ನು ಮಗನೆಂದು ಕರೆದು, ದಾರಿಯುದ್ದಕ್ಕೂ ಜೊತೆಗೆ ಕರೆದೊಯ್ದ. ಹೆಂಗಸರನ್ನು ಕೀಳಾಗಿ ಕಾಣುವ ಗಂಡಸುತನವನ್ನು ಕ್ರೈಸ್ತ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇಂಥ ಮಾರ್ಗದರ್ಶನಕ್ಕೆ ನಮ್ಮದೇ ಕನ್ನಡ ನೆಲದ ಉದಾಹರಣೆಯೊಂದಿದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಎಂದರೆ 1843ರ 'ಮಂಗಳೂರು ಸಮಾಚಾರ' ಪತ್ರಿಕೆ ನಮಗೆ ನೆನಪಾಗುತ್ತದೆ. ನನಗೆ ಅದಕ್ಕಿಂತ ಹತ್ತಿರವಾದದ್ದು ಅವನು ಮತ್ತು ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕನ ನಡುವಿನ ನಂಟು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಮಂಗಳೂರಿನಲ್ಲಿ ಗದ್ದಲವೆದ್ದಿತು. ಮನೆ, ಜಾತಿ, ಬಂಧುಬಳಗ ಎಲ್ಲವೂ ಒಮ್ಮೆಗೇ ಕೈತಪ್ಪಿದವು. ಅಂಥವನಿಗೆ ಬರೀ ಉಪದೇಶ ಕೊಟ್ಟರೆ ಅದು ಕ್ರೌರ್ಯ. ಮೋಗ್ಲಿಂಗ್ ಅವನನ್ನು ಮಗನಂತೆ ಕಂಡ, ಬಾಸೆಲಿಗೆ ಓದಲು ಕರೆದೊಯ್ದ. ಕೌಂಡಿನ್ಯ 1851ರಲ್ಲಿ ಗುರುಪಟ್ಟ ಹೊಂದಿ ಮರಳಿದ, ಮಂಗಳೂರಿನ ಸೆಮಿನರಿಯಲ್ಲಿ ತಾನೇ ಪಾಠ ಹೇಳುವವನಾದ. ಮೋಗ್ಲಿಂಗ್ ತನ್ನ ಶಿಷ್ಯನನ್ನು ಕೊನೆತನಕ ಶಿಷ್ಯನಾಗಿಯೇ ಇಟ್ಟುಕೊಳ್ಳಲಿಲ್ಲ ಎಂಬುದು ನನಗೆ ಮುಖ್ಯ. ಕೊಡಗಿನಲ್ಲಿ ಹೊಸ ವಿಶ್ವಾಸಿಗಳು ನೆಲೆ ನಿಂತ ಆನಂದಪುರಕ್ಕೆ ಬಂದದ್ದು ಆ ಶಿಷ್ಯನ ಹೆಸರು.

ಇಲ್ಲಿಯ ನಮ್ಮ ಹುಡುಗರೂ ಒಂದಲ್ಲ ಒಂದನ್ನು ಬಿಟ್ಟು ಬಂದವರೇ. ಒಂದೇ ರೂಮಿನಲ್ಲಿ ನಾಲ್ವರು, ಮುಂಬಯಿಯ ಹಾರ್ಬರ್ ಲೈನ್ ರೈಲಿನಲ್ಲಿ ದಿನದ ಎರಡು ಮೂರು ಗಂಟೆ, ತಿಂಗಳ ಕೊನೆಗೆ ಸಾಲ. ಸೋತಾಗ ಯಾರ ಮನೆಯ ಬಾಗಿಲು ತಟ್ಟಬೇಕು ಎಂದು ಅವರಿಗೆ ಗೊತ್ತಿಲ್ಲ. ಸಭೆಯ ಹಿರಿಯರಾದ ನಾವು ನಮ್ಮ ಸೋಲುಗಳನ್ನು ಅವರಿಗೆ ಹೇಳಿದ್ದೂ ಇಲ್ಲ. ಹಾಗಾಗಿ ನಂಬಿಕೆಯ ಬದುಕಿನಲ್ಲಿ ಬೀಳುವುದೇ ಇಲ್ಲ ಎಂದು ಅವರು ತಿಳಿದಿದ್ದಾರೆ. ಈ ತಪ್ಪು ನನ್ನದೂ ಹೌದು.

ಆದ್ದರಿಂದ ಸಂಘಟಕರಲ್ಲಿ ಒಂದೇ ಕೋರಿಕೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಯುವಕರು ಮೊದಲು ಮಾತಾಡಲಿ, ನಡುವೆ ಬಾಯಿ ಹಾಕದೆ ನಾವು ಕೇಳುತ್ತೇವೆ. ಸಂಜೆ ಕುರ್ಚಿ ಜೋಡಿಸುವಾಗ ಹಿರಿಯರು ಯಾರೂ ಬೇಗ ಹೊರಡಬೇಡಿ.