ಮೋಹನದಲ್ಲಿ ಮಧ್ಯಮ ಎಲ್ಲಿಂದ ಬಂತ್?

ನಾನು ಹೆಮ್ಮಾಡಿ ಕಡೆಯವನು, ಕುಂದಾಪುರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯೋನು. ಸಂಗೀತಗಾರ ಅಲ್ಲ. ಇವತ್ತು ಮಾತಾಡೋದು ಮಾತ್ರ ಸಂಗೀತದ ಬಗ್ಗೆ. ಮೂವತ್ತನಾಲ್ಕನೇ ವಯಸ್ಸಿಗೆ ಕೀಬೋರ್ಡ್ ಕಲಿಯೋಕೆ ಹೋಗಿ, ಕಡೆಗೆ ಅದು ನಮ್ಮ ಅಪ್ಪಯ್ಯನ ಗಂಟಲಿನ ವಿಷಯ ಆಗಿ ಮುಗಿದ ಕತೆ ಇದು.

ಬೆಂಗಳೂರಲ್ಲಿದ್ದ ನನ್ನ ಚಿಕ್ಕಪ್ಪನ ಮಗ ದುಬೈಗೆ ಹೋಗುವಾಗ ತನ್ನ ಕೀಬೋರ್ಡ್ ನಮ್ಮನೆಯಲ್ಲಿ ಬಿಟ್ಟು ಹೋದ. ಅರವತ್ತೊಂದು ಕೀಗಳದ್ದು. ಮೂರು ವರ್ಷ ಅದು ಅಕ್ಕಿ ಮೂಟೆ ಪಕ್ಕ ನಿಂತಿತ್ತು. ಒಂದು ಮಳೆಗಾಲ, ಸಂಜೆ ಹೊರಗೆ ಹೋಗೋಕೆ ಆಗದ ದಿನಗಳಲ್ಲಿ, ಅದನ್ನ ಒರೆಸಿ ಆನ್ ಮಾಡಿದೆ. ಯೂಟ್ಯೂಬಲ್ಲಿ ಒಂದು ವಿಡಿಯೋ: ನಾಲ್ಕು ಕಾರ್ಡ್ ಕಲೀರಿ, ನೂರು ಹಾಡು ನುಡಿಸಿ. ಕಾರ್ಡ್ ಅಂದ್ರೆ ಎಟಿಎಂ ಕಾರ್ಡ್ ಅಲ್ಲ, ಮೂರ್ನಾಲ್ಕು ಸ್ವರಗಳನ್ನ ಒಟ್ಟಿಗೆ ಒತ್ತೋದು. ಒಂದು ಕಾರ್ಡಿಂದ ಇನ್ನೊಂದಕ್ಕೆ ಹೋಗೋ ಸಾಲಿಗೆ ಪ್ರೋಗ್ರೆಷನ್ ಅಂತಾರೆ. ನೂರು ಹಾಡು ಅಂದ್ರೆ ಯಾರಿಗೆ ಆಸೆ ಆಗಲ್ಲ ಹೇಳಿ.

ಎರಡು ವಾರ ಆದ್ರೂ ಅರ್ಧ ಹಾಡೂ ಬರಲಿಲ್ಲ. ಆಮೇಲೆ ಬ್ರಹ್ಮಾವರದಲ್ಲಿ ಭಾನುವಾರ ಕ್ಲಾಸ್ ಇದೆ ಅಂತ ಗೊತ್ತಾಯ್ತು. ಹೆಮ್ಮಾಡಿಯಲ್ಲಿ ಬಸ್ ಹತ್ತಿ ಕುಂದಾಪುರ, ಕೋಟ, ಸಾಲಿಗ್ರಾಮ ದಾಟಿ ಹೋಗಬೇಕು. ಕ್ಲಾಸಲ್ಲಿ ಆರು ಮಕ್ಕಳು, ನಾನು ಏಳನೇ ಮಗು. ಕಲಿಸುವವರು ಚರ್ಚಿನ ಕ್ವಾಯರ್‌ನಲ್ಲಿ ನುಡಿಸಿ ಪಳಗಿದವರು, ನನಗಿಂತ ಹತ್ತು ವರ್ಷ ಸಣ್ಣವರು. ನಾನು ಅವರಿಗೆ ‘ಸರ್’, ಅವರು ನನಗೆ ‘ಅಣ್ಣ’. ಮೊದಲ ದಿನವೇ ಪಕ್ಕದಲ್ಲಿ ಕೂತಿದ್ದ ನಾಲ್ಕನೇ ಕ್ಲಾಸಿನ ಹುಡುಗಿ ನನ್ನ ಕೈ ನೋಡಿ, “ಅಂಕಲ್, ಹೆಬ್ಬೆಟ್ಟು ಕೆಳಗೆ ಬಿದ್ದುಹೋಯ್ತು” ಅಂದ್ಳು. ನಿಜ, ಹೆಬ್ಬೆರಳು ಕೀ ಬಿಟ್ಟು ಮೇಜಿನ ಅಂಚಿಗೆ ಇಳಿದಿತ್ತು.

ದೊಡ್ಡವರಾದ ಮೇಲೆ ಕಲಿಯೋಕೆ ಬೆರಳು ಗಟ್ಟಿ ಆಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಅನುಭವದಲ್ಲಿ ಬೆರಳು ದೊಡ್ಡ ಸಮಸ್ಯೆಯೇ ಅಲ್ಲ, ದಿನಕ್ಕೆ ಹದಿನೈದು ನಿಮಿಷ ಕೊಟ್ರೆ ಎರಡು ತಿಂಗಳಲ್ಲಿ ಅದು ಬಗ್ಗುತ್ತೆ. ಕಷ್ಟ ಇರೋದು ಕಿವಿಯಲ್ಲಿ. ನಾವು ಹುಟ್ಟಿದಾಗಿಂದ ಕೇಳಿದ್ದು ಏನು? ಭಜನೆ, ಯಕ್ಷಗಾನದ ಪದ, ರೇಡಿಯೋದ ಚಿತ್ರಗೀತೆ. ಚಿತ್ರಗೀತೆಯಲ್ಲಿ ಕಾರ್ಡ್ ಇದ್ದೇ ಇರುತ್ತೆ, ಆದ್ರೆ ನಮ್ಮ ಕಿವಿ ಹಾಡುವವರ ಹಿಂದೆ ಮಾತ್ರ ಹೋಗುತ್ತೆ. ಕೆಳಗೆ ಏನು ನಡೀತಿದೆ ಅಂತ ನಾನು ಮೂವತ್ತನಾಲ್ಕು ವರ್ಷ ಗಮನಿಸಿಯೇ ಇರಲಿಲ್ಲ.

ಸರ್ ನನಗೆ ದಾರಿ ತೋರಿಸಿದ್ದು ಹೀಗೆ. ಇಂಗ್ಲಿಷ್ ಅಕ್ಷರ ಬಿಡಿ ಅಣ್ಣ, ಸರಿಗಮದಲ್ಲಿ ಯೋಚನೆ ಮಾಡಿ ಅಂದ್ರು. ಮೊದಲ ಬಿಳಿ ಕೀ, ಅಂದ್ರೆ ಸಿ, ಅದನ್ನ ಷಡ್ಜ ಅಂತ ಇಟ್ಕೊಳ್ಳಿ. ಆಗ ಸಿ ಕಾರ್ಡ್ ಅಂದ್ರೆ ಸ, ಗ, ಪ.

[ಕೀಬೋರ್ಡಿನಲ್ಲಿ ಮೂರು ಸ್ವರ ಒಟ್ಟಿಗೆ]

ಕೇಳಿಸ್ತಾ? ಈಗ ಸ, ಗ ಎರಡನ್ನೂ ಹಾಗೇ ಹಿಡ್ಕೊಂಡು, ಪ ಒತ್ತಿದ ಬೆರಳನ್ನ ಮಾತ್ರ ಪಕ್ಕದ ಬಿಳಿ ಕೀಗೆ ಸರಿಸಿದ್ರೆ ಸ, ಗ, ದ. ಅದು ಎ ಮೈನರ್. ಒಂದೇ ಬೆರಳು ಸರಿದದ್ದು, ಆದ್ರೆ ಮನೆಯಲ್ಲಿ ಯಾರೋ ದೀಪ ಸಣ್ಣ ಮಾಡಿದ ಹಾಗೆ ಆಗುತ್ತೆ. ಅಲ್ಲಿಂದ ಸ, ದ ಬಿಡದೆ ಗ ಇದ್ದ ಬೆರಳನ್ನ ಮ ಮೇಲೆ ಇಡಿ. ಸ, ಮ, ದ. ಅದು ಎಫ್. ಮತ್ತೆ ಒಂದೇ ಬೆರಳು. ಆದ್ರೆ ಎಫ್‌ನಿಂದ ಜಿಗೆ ಹೋಗುವಾಗ, ಜಿ ಅಂದ್ರೆ ಪ, ನಿ, ರಿ, ಒಂದು ಸ್ವರವೂ ಹಳೇದು ಉಳಿಯಲ್ಲ. ಮೂರೂ ಬೆರಳು ಎದ್ದು ಬೇರೆ ಕಡೆ ಕೂರಬೇಕು. ನಾನು ಎರಡು ವಾರ ಮುಗ್ಗರಿಸಿದ್ದು ಸರಿಯಾಗಿ ಇದೇ ಜಾಗದಲ್ಲಿ. ವಿಡಿಯೋದವರು ಪ್ರತೀ ಕಾರ್ಡಿಗೂ ಕೈ ಪೂರ್ತಿ ಎತ್ತಿ ಹೊಸ ಜಾಗದಲ್ಲಿ ಇಡ್ತಿದ್ರು, ನಾನೂ ಹಾಗೇ ಜಿಗೀತಿದ್ದೆ. ಯಾವ ಬೆರಳು ಏಳಬಾರದು ಅಂತ ಮೊದಲು ತಿಳ್ಕೊಂಡ್ರೆ ಅರ್ಧ ಕೆಲಸ ಕಡಿಮೆ. ಇಷ್ಟು ಗೊತ್ತಾಗೋಕೆ ನನಗೆ ಒಂದು ತಿಂಗಳ ಬಸ್ ಚಾರ್ಜ್ ಹೋಯ್ತು, ನಿಮಗೆ ಪುಕ್ಕಟೆ.

ನಾಲ್ಕು ತಿಂಗಳಾದ ಮೇಲೆ ಧೈರ್ಯ ಬಂತು. ನಮ್ಮ ಅಪ್ಪಯ್ಯ ಊರಿನ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ಹಾಡಿದವರು. ಶನಿವಾರ ಸಂಜೆ ಅಂದ್ರೆ ಬಿಳಿ ಪಂಚೆ, ಟಾರ್ಚು, ಮಂಡಳಿ. ಇತ್ತೀಚೆಗೆ ಹೋಗೋದು ಬಿಟ್ಟಿದ್ರು. ಕೇಳಿದ್ರೆ ಮೊಣಕಾಲು ನೋವು ಅಂತಿದ್ರು. ಮನೆಯಲ್ಲೇ ಹಾಡಲಿ ಅಂತ ನಾನು ಯೋಚನೆ ಮಾಡಿದೆ. ಅವರ ಇಷ್ಟದ ಒಂದು ದೇವರನಾಮ, ಮೋಹನ ರಾಗದ್ದು, ಅದಕ್ಕೆ ನನ್ನ ನಾಲ್ಕು ಕಾರ್ಡ್ ಜೋಡಿಸಿದೆ. ಅವರು ಜಗಲಿಯಲ್ಲಿ ಕೂತು ಶುರು ಮಾಡಿದ್ರು, ನಾನು ಒಳಗೆ ಚಾವಡಿಯಲ್ಲಿ. ಸಿ ಆಯ್ತು, ಎ ಮೈನರ್ ಆಯ್ತು. ಎಫ್ ಒತ್ತಿದ್ದೇ ತಡ, ಹಾಡು ನಿಂತುಹೋಯ್ತು.

“ಮಗಾ, ಮೋಹನದಲ್ಲಿ ಮಧ್ಯಮ ಎಲ್ಲಿಂದ ಬಂತ್?”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮೋಹನದಲ್ಲಿ ಇರೋದು ಐದೇ ಸ್ವರ: ಸ ರಿ ಗ ಪ ದ. ಮ ಇಲ್ಲ, ನಿ ಇಲ್ಲ. ಎಫ್ ಕಾರ್ಡಲ್ಲಿ ಮ ಇದೆ, ಜಿ ಕಾರ್ಡಲ್ಲಿ ನಿ ಇದೆ. ಅಂದ್ರೆ ಆ ನೂರು ಹಾಡಿನ ನಾಲ್ಕು ಕಾರ್ಡುಗಳಲ್ಲಿ ಎರಡು ಈ ರಾಗಕ್ಕೆ ಹೊರಗಿನವು. ಕಾರ್ಡ್ ಅನ್ನೋ ಪದವನ್ನೇ ಕೇಳದ ಎಪ್ಪತ್ತೊಂದು ವರ್ಷದ ಮನುಷ್ಯ ಅದನ್ನ ಒಂದು ಸೆಕೆಂಡಲ್ಲಿ ಹಿಡಿದ್ರು. ನಾನು ನಾಲ್ಕು ತಿಂಗಳು ಕಲಿತವನು, ನನಗೆ ಕೇಳಿಸಿರಲಿಲ್ಲ.

ಆಮೇಲೆ ಅವರು ಇನ್ನೊಂದು ಮಾತು ಹೇಳಿದ್ರು. “ಶ್ರುತಿ ಅಂದ್ರೆ ದೋಣಿ ಕಟ್ಟುವ ಕಂಬ ಮಾರಾಯ. ನೀ ಕಂಬವನ್ನೇ ಆಚೀಚೆ ಮಾಡ್ತಿದ್ದೆ. ಹಾಡುವವ ಎಲ್ಲಿ ಕಟ್ಟೂದ್?” ನಮ್ಮದು ಗಂಗೊಳ್ಳಿ ಹತ್ತಿರದ ಊರಲ್ವಾ, ಹೋಲಿಕೆಗೆ ದೋಣಿ ಬಂದೇ ಬರುತ್ತೆ. ಆದ್ರೆ ಇದಕ್ಕಿಂತ ಸ್ಪಷ್ಟವಾಗಿ ಯಾವ ವಿಡಿಯೋನೂ ನನಗೆ ಹೇಳಿಲ್ಲ. ನಮ್ಮ ಸಂಗೀತದಲ್ಲಿ ಷಡ್ಜ, ಪಂಚಮ ಕೆಳಗೆ ಅಲುಗದೆ ನಿಂತಿರುತ್ತೆ, ಮೇಲೆ ಹಾಡು ಓಡಾಡುತ್ತೆ. ಕಾರ್ಡ್ ಪ್ರೋಗ್ರೆಷನ್‌ನಲ್ಲಿ ನೆಲವೇ ಸರಿಯುತ್ತೆ. ಎರಡೂ ಸರಿಯೇ, ಆದ್ರೆ ಎರಡೂ ಒಂದೇ ಅಲ್ಲ.

ನನಗೆ ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ನಿಮ್ಮ ಮಂಡಳಿಯ ಹಾರ್ಮೋನಿಯಂ ಎಲ್ಲಿಂದ ಬಂದದ್ದು ಅಂತ ಕೇಳಿದೆ. ಅದೂ ಯುರೋಪಿಂದ ಬಂದ ವಾದ್ಯವೇ. ಅದರಲ್ಲಿ ಗಮಕ ಬರಲ್ಲ ಅನ್ನೋ ವಾದದಿಂದ 1940ರಲ್ಲಿ ಆಕಾಶವಾಣಿ ಅದನ್ನ ಹೊರಗಿಟ್ಟಿತ್ತು, ಮತ್ತೆ ಬಾಗಿಲು ತೆಗೆಯೋಕೆ ಶುರು ಮಾಡಿದ್ದು 1971ರಲ್ಲಿ. ಈಗ ಹಾರ್ಮೋನಿಯಂ ಇಲ್ಲದ ಭಜನೆ ಯೋಚನೆ ಮಾಡೋಕೆ ಆಗುತ್ತಾ? ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲು, ಸ್ಯಾಕ್ಸೋಫೋನ್ ತಂದ್ರು. ಇಲ್ಲೇ ಬಸ್ರೂರಿನ ರವಿ ಬಸ್ರೂರು 2018ರ ಕೆಜಿಎಫ್‌ಗೆ ಸಂಗೀತ ಕೊಟ್ರು. ಹೊರಗಿನದು ಅಂತ ಬಾಗಿಲು ಹಾಕ್ಕೊಂಡು ಕೂತ ಊರಲ್ಲ ನಮ್ಮದು. ಅಪ್ಪಯ್ಯ ಎಲ್ಲ ಕೇಳಿ, “ತಂದದ್ದಕ್ಕೆ ಬೇಜಾರಿಲ್ಲೆ. ತಂದು ಎಲ್ಲಿ ಇಡ್ಕ್ ಅಂತ ಗೊತ್ತಿರ್ಕ್” ಅಂದ್ರು. ಮಾತಲ್ಲಿ ಗೆಲ್ಲೋಕೆ ಆಗಲ್ಲ ಅವರ ಹತ್ರ.

ಆ ರಾತ್ರಿ ಬಸ್ಸು, ಕ್ಲಾಸು ಎಲ್ಲ ಬಿಟ್ಟುಬಿಡೋಣ ಅನ್ನಿಸಿತು. ಆಗ ನೆನಪಾದವರು ಇಳಯರಾಜ. ಹಳ್ಳಿಯಲ್ಲಿ ಅಣ್ಣನ ತಂಡದ ಜೊತೆ ಹಾರ್ಮೋನಿಯಂ ನುಡಿಸ್ತಾ ಬೆಳೆದವರು, ಮದರಾಸಿಗೆ ಬಂದು ಧನರಾಜ್ ಮಾಸ್ಟರ್ ಹತ್ರ ಪಾಶ್ಚಾತ್ಯ ಸಂಗೀತ ಕಲಿಯೋಕೆ ಕೂತಾಗ ಇಪ್ಪತ್ತೈದು ದಾಟಿತ್ತು. ಆಮೇಲೆ ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ಕೆಲಸ ಮಾಡಿದ್ರು. ನಾನೇನು ಇಳಯರಾಜ ಆಗೋದಿಲ್ಲ ಬಿಡಿ. ಆದ್ರೆ ರಾಗವನ್ನೂ ಕಾರ್ಡನ್ನೂ ಒಂದೇ ಮನೆಯಲ್ಲಿ ಜಗಳ ಇಲ್ಲದೆ ಇರಿಸೋಕೆ ಆಗುತ್ತೆ ಅನ್ನೋದಕ್ಕೆ ಅವರಿಗಿಂತ ಸಾಕ್ಷಿ ಬೇಕಾ?

ಮುಂದಿನ ಭಾನುವಾರ ಸರ್ ಹತ್ರ ಪ್ರಶ್ನೆ ಇಟ್ಟೆ. ಮೋಹನದ ಐದು ಸ್ವರಗಳಲ್ಲೇ ಎಷ್ಟು ಕಾರ್ಡ್ ಆಗುತ್ತೆ? ಅವರು ನಕ್ಕು, ನೀವೇ ಹುಡುಕಿ ಅಣ್ಣ ಅಂದ್ರು. ಲೆಕ್ಕ ಬರೆಯೋನಲ್ವಾ, ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆದು ನೋಡಿದೆ. ಮಾಮೂಲಿ ಮೂರು ಸ್ವರದ ಕಾರ್ಡ್ ಎರಡೇ ಸಿಗೋದು. ಸ-ಗ-ಪ, ಮತ್ತೆ ದ-ಸ-ಗ. ಸಿ ಮತ್ತು ಎ ಮೈನರ್. ಜಿ ಬೇಕು ಅಂದ್ರೆ ನಡುವಿನ ನಿಷಾದ ತೆಗೆದು ಪ, ರಿ ಎರಡನ್ನೇ ನುಡಿಸಬೇಕು. ಖಾಲಿ ಖಾಲಿ ಅನ್ನಿಸುತ್ತೆ, ಆದ್ರೆ ಅಪಸ್ವರ ಇಲ್ಲ. ಆ ಖಾಲಿ ಜಾಗದಲ್ಲಿ ಹಾಡುವವರಿಗೆ ಗಾಳಿ ಆಡುತ್ತೆ. ಎಡಗೈಯಲ್ಲಿ ಷಡ್ಜ ಮೆಲ್ಲಗೆ ಹಿಡ್ಕೊಂಡೇ ಇರಬೇಕು, ಅದು ಅಪ್ಪಯ್ಯನ ಕಂಬ. ಬಲಗೈ ಮಾತ್ರ ಓಡಾಡಬೇಕು, ಅದೂ ಸಾಲು ಮುಗಿಯುವಲ್ಲಿ.

[ಕೀಬೋರ್ಡಿನಲ್ಲಿ ನಿಧಾನವಾಗಿ ಮೂರು ಬದಲಾವಣೆ, ಕೆಳಗೆ ಒಂದೇ ಸ್ವರ]

ಇಷ್ಟೇ. ನಾಲ್ಕಲ್ಲ, ಎರಡೂವರೆ ಕಾರ್ಡ್.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅಪ್ಪಯ್ಯನ ಶ್ರುತಿ ಬಿಳಿ ಎರಡು. ಹಾರ್ಮೋನಿಯಂನವರ ಲೆಕ್ಕ ಅದು, ಎರಡನೇ ಬಿಳಿ ಕೀ ಷಡ್ಜ, ಇಂಗ್ಲಿಷಲ್ಲಿ ಡಿ. ಮಂಡಳಿಯಲ್ಲಿ ಎಲ್ಲರಿಗೂ ಗೊತ್ತು, ಅವರು ಬಂದ್ರೆ ಕೇಳೋದೇ ಬೇಡ, ಬಿಳಿ ಎರಡು. ನಾನು ಕಲಿತದ್ದೆಲ್ಲ ಬಿಳಿ ಒಂದರಲ್ಲಿ. ಅದಕ್ಕೆ ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ ಅಂತ ಬಟನ್ ಇರುತ್ತೆ, ಎರಡು ಸಲ ಒತ್ತಿದ್ರೆ ನೀವು ಸಿ ನುಡಿಸಿದ್ರೂ ಡಿ ಕೇಳಿಸುತ್ತೆ. ಕಲಿಯುವವರು ಇದನ್ನ ಒತ್ತಬಾರದು ಅಂತ ಸರ್ ಬಯ್ತಾರೆ. ನಾನು ಮನೆಯಲ್ಲಿ ಒತ್ತುತ್ತಿದ್ದೆ. ಆಫ್ ಮಾಡಿ ಆನ್ ಮಾಡಿದ್ರೆ ಅದು ಮತ್ತೆ ಸೊನ್ನೆಗೆ ಬರುತ್ತೆ, ಪ್ರತೀ ಸಲ ನೆನಪಿಟ್ಟು ಒತ್ತಬೇಕು.

ಒಂದು ಸಂಜೆ ನೆನಪಾಗಲಿಲ್ಲ. ಷಡ್ಜ ಹಿಡಿದೆ, ಅಪ್ಪಯ್ಯ ಜಗಲಿಯಿಂದ ಶುರು ಮಾಡಿದ್ರು. ಪಲ್ಲವಿ ಆಯ್ತು. ಅನುಪಲ್ಲವಿಯಲ್ಲಿ ಮೇಲಿನ ಷಡ್ಜಕ್ಕೆ ಹೋಗೋ ಜಾಗ ಇದೆ. ಅಲ್ಲಿ ಅವರು ಸಾಮಾನ್ಯವಾಗಿ ಕೆಮ್ಮುತ್ತಿದ್ರು, ಅಥವಾ ಅಮ್ಮನನ್ನ ಕರೆದು ನೀರು ಕೇಳ್ತಿದ್ರು, ಇಲ್ಲ ಅಂದ್ರೆ ಆ ಸಾಲನ್ನ ತಾಳದಲ್ಲೇ ದಾಟಿಸಿಬಿಡ್ತಿದ್ರು. ನಾನು ಅದನ್ನ ಹಾಡಿನ ಶೈಲಿ ಅಂದ್ಕೊಂಡಿದ್ದೆ. ಆವತ್ತು ಕೆಮ್ಮಲಿಲ್ಲ. ಸೀದಾ ಮೇಲೆ ಹೋಗಿ, ನಿಂತು, ನಿಧಾನ ಇಳಿದ್ರು. ಅಡುಗೆಮನೆಯಲ್ಲಿ ಅಮ್ಮ ತೆಂಗಿನಕಾಯಿ ತುರಿಯೋದು ನಿಲ್ಲಿಸಿದ್ದು ನನಗೆ ಕೇಳಿಸಿತು.

ಬಟನ್ ನೋಡಿದೆ. ಸೊನ್ನೆ. ಅಂದ್ರೆ ಅವರು ಹಾಡಿದ್ದು ಬಿಳಿ ಒಂದರಲ್ಲಿ.

ಆಗ ನನಗೆ ಮೊಣಕಾಲು ನೋವಿನ ವಿಷಯ ತಿಳೀತು. ಮೇಲಿನ ಷಡ್ಜ ಬಿಳಿ ಎರಡರಲ್ಲಿ ಅವರಿಗೆ ಸಿಗ್ತಾ ಇರಲಿಲ್ಲ. ವಯಸ್ಸಾದ ಮೇಲೆ ಗಂಟಲು ಇಳಿಯೋದು ಸಹಜ, ಆದ್ರೆ ಮೂವತ್ತು ವರ್ಷದ ಬಿಳಿ ಎರಡನ್ನ ಬಿಟ್ಟು, ಹಾರ್ಮೋನಿಯಂನವನ ಹತ್ರ ಒಂದು ಮನೆ ಇಳಿಸು ಅಂತ ಎಲ್ಲರೆದುರು ಹೇಳೋದು ಅವರಿಂದ ಆಗಿಲ್ಲ. ಅದಕ್ಕೆ ಮಂಡಳಿಯನ್ನೇ ಬಿಟ್ರು. ಮನೆಯಲ್ಲಿ ನಾನು ಪ್ರೀತಿಯಿಂದ ಎರಡು ಸಲ ಬಟನ್ ಒತ್ತಿ ಅವರನ್ನ ಮತ್ತೆ ಅದೇ ಕಷ್ಟಕ್ಕೆ ನೂಕ್ತಿದ್ದೆ.

ಹೇಳಬೇಕಾ ಬೇಡ್ವಾ ಅಂತ ನಾಲ್ಕು ದಿನ ಯೋಚಿಸಿದೆ. ಹೇಳದೆ ಬಟನ್ ಸೊನ್ನೆಯಲ್ಲೇ ಬಿಟ್ಟು ಮುಂದುವರಿಸಬಹುದಿತ್ತು, ಅವರು ಹಾಡ್ತಾ ಇರ್ತಿದ್ರು. ಆದ್ರೆ ಅದು ಮೋಸ ಅನ್ನಿಸಿತು. ಊಟ ಆದ ಮೇಲೆ, “ಅಪ್ಪಯ್ಯ, ಮೊನ್ನೆ ಹಾಡಿದ್ದು ಬಿಳಿ ಒಂದು” ಅಂದೆ. ಅವರು ಎಲೆ ಅಡಿಕೆ ತಟ್ಟೆ ಎಳ್ಕೊಂಡ್ರು. ಸುಣ್ಣ ಹಚ್ಚಿದ್ರು. ಎಷ್ಟೋ ಹೊತ್ತು ಆದ ಮೇಲೆ, “ಗೊತ್ತಿತ್ತ್” ಅಂದ್ರು.

ನಂಗೆ ನಗು ಬಂತು. ಅವರಿಗೂ ಬಂತು, ಆದ್ರೆ ಬಾಯಲ್ಲಿ ಎಲೆ ಇತ್ತಲ್ಲ.

ಎರಡು ವಾರ ಬಿಟ್ಟು ಒಂದು ಶನಿವಾರ ಪಂಚೆ, ಟಾರ್ಚು ಹೊರಗೆ ಬಂತು. ಬೈಕಲ್ಲಿ ನಾನೇ ಬಿಟ್ಟೆ. ಕೀಬೋರ್ಡ್ ಒಯ್ಯಲಿಲ್ಲ, ಹಿಂದೆ ಗೋಡೆಗೆ ಒರಗಿ ಕೂತೆ. ಅವರ ಸರದಿ ಬಂದಾಗ ಹಾರ್ಮೋನಿಯಂನವರು ರೂಢಿಯಂತೆ ಬಿಳಿ ಎರಡಕ್ಕೆ ಬೆರಳಿಟ್ರು. ಅಪ್ಪಯ್ಯ ತಾಳ ಕೈಯಲ್ಲಿ ಹಿಡಿದು, ಅವರ ಕಡೆ ನೋಡದೆಯೇ ಹೇಳಿದ್ರು: “ಬಿಳಿ ಒಂದ್ ಕೊಡಿ.”