ನಮ್ಮ ದೊಡ್ಡವ್ವನ ಬದುಕು



ನಮ್ಮೂರ ದೊಡ್ಡವ್ವ ತೀರಿಕೊಂಡು ಒಂದು ತಿಂಗಳಾಯಿತು. ಅವಳ ನೆನಪಿಗೆ ನಾಲ್ಕು ಮಾತು ಆಡಲು ನಾವು, ಕಲಿಕಾ ಕೇಂದ್ರದ ಹೆಂಗಸರು, ಸೇರಿದ್ದೇವೆ.

ದೊಡ್ಡವ್ವ ನಮ್ಮ ಹಾಗೇ ಒಕ್ಕಲು ಮನೆಯ ಹೆಂಗಸು. ನಮ್ಮದು ತುಮಕೂರು ಕಡೆಯ ರಾಗಿ ಸೀಮೆ. ಅವಳು ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, 1947ರಲ್ಲಿ, ಅವಳ ಮದುವೆ ಆಯಿತು. ಆಗ ಅವಳಿಗೆ ಹದಿಮೂರು ವರ್ಷ. "ತಾಳಿ ಭಾರವೋ, ನಾನು ಭಾರವೋ ಗೊತ್ತಾಗಲಿಲ್ಲ" ಅಂತ ನಗುತ್ತಿದ್ದಳು. ಹುಡುಗಿಗೆ 18 ತುಂಬಬೇಕು ಎಂಬ ಕಾನೂನು ಬಂದದ್ದು 1978ರಲ್ಲಿ.

ಅತ್ತೆ ಮನೆಯಲ್ಲಿ ಹದಿನಾಲ್ಕು ಜನ. ಕೋಳಿ ಕೂಗೋ ಮೊದಲೇ ಅವಳು ಏಳುತ್ತಿದ್ದಳು. ರಾಗಿ ಬೀಸುತ್ತಿದ್ದಳು. ಕೊಟ್ಟಿಗೆ ಬಾಚುತ್ತಿದ್ದಳು. ಬಾವಿಯಿಂದ ನೀರು ತರುತ್ತಿದ್ದಳು. ಮುದ್ದೆ ತೊಳಸಿ, ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಿದ್ದಳು. ಅಲ್ಲಿ ಕಳೆ ಕೀಳುವುದು. ಸಂಜೆ ಸೌದೆ ಹೊತ್ತು ಬರುವುದು. ಎಲ್ಲರೂ ಉಂಡ ಮೇಲೆ ಅವಳ ಊಟ. ಸಾರು ಮಿಕ್ಕರೆ ಸಾರು, ಇಲ್ಲದಿದ್ದರೆ ಉಪ್ಪು ಮೆಣಸಿನಕಾಯಿ. ಈ ದುಡಿಮೆಗೆ ಯಾರೂ ಕೂಲಿ ಲೆಕ್ಕ ಹಾಕಲಿಲ್ಲ.

ಬಿತ್ತನೆ ಬೀಜ ಪೂರಾ ಅವಳ ಕೈಯಲ್ಲಿತ್ತು. ಕುಯ್ಲಿಗೆ ಮೊದಲೇ ಹೊಲ ಸುತ್ತಿ ಒಳ್ಳೆ ತೆನೆ ಆರಿಸುತ್ತಿದ್ದಳು. ಅವರೆ, ತೊಗರಿಗೆ ಕೆಮ್ಮಣ್ಣು ಸವರಿ ಒಣಗಿಸುತ್ತಿದ್ದಳು. ಮಡಕೆಯಲ್ಲಿ ಬೂದಿ, ಬೇವಿನ ಸೊಪ್ಪು ಹಾಕಿ ಬೀಜ ಕಾಯುತ್ತಿದ್ದಳು. ಮಿಕ್ಕ ರಾಗಿ ಹಗೇವಿನಲ್ಲಿ ಇರುತ್ತಿತ್ತು. ಹಗೇವು ತೆಗೆದಾಗ ಮೊದಲು ದೀಪ ಇಳಿಬಿಡಿಸುತ್ತಿದ್ದಳು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಯಾರೂ ಇಳಿಯಬಾರದು. ಇಷ್ಟೆಲ್ಲ ಬಲ್ಲವಳನ್ನು ಜನ "ಓದು ಬಾರದ ಹೆಂಗಸು" ಅಂತಿದ್ದರು!

ಗಂಡ ಹೆಂಡತಿ ಜಗಳವಾಡಿದ್ದೂ ಉಂಟು. ಆದರೆ ಸಂತೆಗೆ ಹೋದರೆ ಗಂಡ ಅವಳಿಗೆ ಎಲೆ ಅಡಿಕೆ ತರದೇ ಬರುತ್ತಿರಲಿಲ್ಲ. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವನು ತೀರಿಕೊಂಡ.

ತಿಥಿ ಮುಗಿದ ವಾರಕ್ಕೆ ಒಂದು ಕಾಗದ ಬಂತು. "ಖಾತೆ ಕಾಗದ, ಹೆಬ್ಬೆಟ್ಟು ಒತ್ತು" ಅಂದರು. ಒತ್ತಿದಳು. ಅದರಲ್ಲಿ ಅವಳು ತನ್ನ ಪಾಲು ಬಿಟ್ಟುಕೊಟ್ಟಳು ಅಂತ ಬರೆದಿತ್ತು. ಮೂವತ್ತು ವರ್ಷ ಕಳೆ ಕಿತ್ತ ಹೊಲದಲ್ಲಿ ಅವಳಿಗೆ ಒಂದು ಗುಂಟೆಯೂ ಉಳಿಯಲಿಲ್ಲ. ಆರು ತಿಂಗಳು ಹಿರಿಮಗನ ಮನೆ, ಆರು ತಿಂಗಳು ಕಿರಿಮಗನ ಮನೆ.

ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದದ್ದು 1988ರಲ್ಲಿ. ಆಮೇಲೆ ನಮ್ಮೂರಿಗೂ ರಾತ್ರಿ ಶಾಲೆ ಬಂತು. ದೊಡ್ಡವ್ವನಿಗೆ ಆಗ ಅರವತ್ತರ ಹತ್ತಿರ. ಲಾಟೀನು ಹಿಡಿದು ಮೊದಲು ಬಂದವಳು ಅವಳೇ. ಆರು ತಿಂಗಳಾದ ಮೇಲೆ ಆ ಹಳೇ ಕಾಗದದ ನಕಲು ತರಿಸಿದಳು. ಅಕ್ಷರ ಅಕ್ಷರ ಕೂಡಿಸಿ ಓದಿದಳು. ಒಂದೊಂದು ಸಾಲಿಗೆ ಒಂದೊಂದು ಸಂಜೆ ಹಿಡಿಯಿತು. ಓದಿ ಮುಗಿಸಿ ಕಾಗದ ಮಡಿಸಿದಳು. "ನನ್ನದು ಹೋಯಿತು. ನೀವು ಮಾತ್ರ ಓದದೆ ಒತ್ತಬೇಡಿ" ಅಂದಳು.

ಬರೀ ಹೇಳಿ ಸುಮ್ಮನಾಗಲಿಲ್ಲ. ಮುಂದೆ ಹಿರಿಮಗ ತೀರಿಕೊಂಡಾಗ ಸೊಸೆಯನ್ನು ಕರೆದುಕೊಂಡು ನಾಡಕಚೇರಿಗೆ ಹೋದಳು. ಪೌತಿ ಖಾತೆಗೆ ಅರ್ಜಿ ಕೊಡಿಸಿದಳು. ಮೂರು ಸಲ ತಿರುಗಿದರು. ಈಗ ಆ ಪಹಣಿಯ 9ನೇ ಕಾಲಂನಲ್ಲಿ ಮಕ್ಕಳ ಹೆಸರಿನ ಜೊತೆ ಸೊಸೆಯ ಹೆಸರೂ ಇದೆ.

ಅಕ್ಕಂದಿರೇ, ಕಾನೂನು ನಮಗೂ ಗೊತ್ತಿರಲಿ. ಹಿಂದೂ ಕುಟುಂಬಗಳಿಗೆ 1956ರ ಉತ್ತರಾಧಿಕಾರ ಕಾನೂನು ಇದೆ. ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿನ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅವನ ತಾಯಿ, ಎಲ್ಲರಿಗೂ ಸಮಪಾಲು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಬಂತು. ಇಡೀ ದೇಶಕ್ಕೆ 2005ರಲ್ಲಿ ಬಂತು.

ನಾವು ಈಗ ಓದಬಲ್ಲೆವು. ನಾಡಕಚೇರಿಯಲ್ಲಿ ನಮ್ಮ ಹೊಲದ ಪಹಣಿ ತೆಗೆಸೋಣ. ಅದರಲ್ಲಿ ಯಾರ ಹೆಸರಿದೆ, ನೋಡೋಣ. ಯಾವ ಕಾಗದ ಬಂದರೂ ಪೂರಾ ಓದೋಣ. ತಿಳಿಯದಿದ್ದರೆ ತಿಳಿದವರನ್ನು ಕೇಳೋಣ. ಆಮೇಲೆ ರುಜು ಹಾಕೋಣ.

ದೊಡ್ಡವ್ವ ಕೊಟ್ಟ ಅವರೆ ಬೀಜ ನಮ್ಮಲ್ಲಿ ಹಲವರ ಮನೆಯಲ್ಲಿದೆ. ಈ ಮುಂಗಾರಿಗೆ ಅದನ್ನು ಬಿತ್ತೋಣ.