ಶಿಖರವೂ ಅನುಭವವೂ



ನೂರು ವರ್ಷ ಅಕ್ಷರ ಕಲಿಸಿದ ಶಾಲೆಯ ಹಬ್ಬದಲ್ಲಿ ಬೆಟ್ಟ ಹತ್ತುವ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಕೊಯಮತ್ತೂರಿನ ಪಶ್ಚಿಮಕ್ಕೆ ವೆಳ್ಳಿಯಂಗಿರಿ ನಿಂತಿದೆ. ಉಡುಮಲೈಪೇಟೆಯ ದಕ್ಷಿಣಕ್ಕೆ ಆನೆಮಲೆ ಚಾಚಿದೆ. ಕಣ್ಣೆದುರಿನ ಬೆಟ್ಟ ಮಕ್ಕಳನ್ನು ಕರೆಯುತ್ತಲೇ ಇರುತ್ತದೆ. ಹೆತ್ತವರ ಎದೆ ಅಳುಕುತ್ತಲೇ ಇರುತ್ತದೆ. ಆ ಕರೆಯನ್ನೂ ಈ ಅಳುಕನ್ನೂ ಮನಶ್ಶಾಸ್ತ್ರದ ಬೆಳಕಿನಲ್ಲಿ ನೋಡುವುದು ಇಂದಿನ ನನ್ನ ಉದ್ದೇಶ.

ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ ಅವರು ಮನೋರೋಗಗಳಿಗಿಂತ ಹೆಚ್ಚಾಗಿ ಆರೋಗ್ಯವಂತ ಮನಸ್ಸನ್ನು ಅಭ್ಯಸಿಸಿದವರು. ಬಾಳಿನ ಅತ್ಯಂತ ಧನ್ಯವಾದ ಗಳಿಗೆ ಯಾವುದೆಂದು ಅವರು ಜನರನ್ನು ಕೇಳಿದರು. ಉತ್ತರಗಳಲ್ಲಿ ಕೆಲವು ಲಕ್ಷಣಗಳು ಮತ್ತೆ ಮತ್ತೆ ಕಂಡವು: ಕಾಲದ ಪರಿವೆ ಅಳಿಯುವುದು, ಭಯ ಕರಗುವುದು, 'ನಾನು' ಎಂಬುದು ಹಿಂದೆ ಸರಿದು ಜಗತ್ತೆಲ್ಲ ಒಂದೆಂದು ತೋರುವುದು. ಇದನ್ನು ನಾವು ಶಿಖರಾನುಭವ ಎನ್ನಬಹುದು. 1964ರಲ್ಲಿ ಅವರು ಈ ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಕನ್ನಡಿಗರಿಗೆ ಈ ವಿಚಾರ ತೀರ ಹೊಸದಲ್ಲ. ಅನುಭವ, ಅನುಭಾವ ಎಂಬ ಎರಡು ಮಾತುಗಳು ನಮ್ಮಲ್ಲಿವೆ. ಬರಹದಲ್ಲಿ ಒಂದು ದೀರ್ಘದಷ್ಟೇ ಅಂತರ. ಅರ್ಥದಲ್ಲಿ ಆ ಅಂತರ ಬಹು ದೊಡ್ಡದು.

ಇಂಥ ಗಳಿಗೆ ಒದಗುವುದು ಹೇಗೆ? ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ವಿದ್ವಾಂಸರು ಬಂಡೆ ಹತ್ತುವವರು, ಚದುರಂಗದ ಆಟಗಾರರು, ನರ್ತಕರು, ಶಸ್ತ್ರವೈದ್ಯರು ಇವರನ್ನೆಲ್ಲ ಅಭ್ಯಸಿಸಿ 1975ರಲ್ಲಿ ತಮ್ಮ ಗ್ರಂಥವನ್ನು ಹೊರತಂದರು. ಗುರಿ ಸ್ಪಷ್ಟವಾಗಿರಬೇಕು; ಮಾಡಿದ್ದು ಸರಿಯೋ ತಪ್ಪೋ ಎಂಬುದು ಆ ಕ್ಷಣವೇ ತಿಳಿಯಬೇಕು; ಸವಾಲು ಮತ್ತು ಸಾಮರ್ಥ್ಯ ಸಮತೂಕದಲ್ಲಿರಬೇಕು. ಸವಾಲು ಕಿರಿದಾದರೆ ಬೇಸರ, ಹಿರಿದಾದರೆ ದಿಗಿಲು. ಎರಡರ ನಡುವೆ ತಲ್ಲೀನತೆ. ಈ ಮಾತು ಕೊಯಮತ್ತೂರು ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರಿಗೆ ಬೇಗ ಅರ್ಥವಾದೀತು. ಮಗ್ಗದ ಮುಂದೆ ಕೈ, ಕಾಲು, ಕಣ್ಣು ಒಂದೇ ಲಯದಲ್ಲಿ ನಡೆಯುತ್ತವೆ. ಒಂದು ಎಳೆ ಕಡಿದರೂ ಕೈಗೆ ಕೂಡಲೇ ತಿಳಿಯುತ್ತದೆ. ಬಂಡೆಯ ಮೇಲೆ ಹೆಜ್ಜೆಯಿಡುವವನ ಏಕಾಗ್ರತೆಯೂ ಇದೇ ಜಾತಿಯದು.

ವೆಳ್ಳಿಯಂಗಿರಿಯನ್ನೇ ನೋಡಿ. ಪೂಂಡಿಯ ದೇವಾಲಯದ ಬಳಿ ಬಿದಿರುಕೋಲು ಹಿಡಿದು ಹೊರಟವರು ಏಳು ಬೆಟ್ಟಗಳನ್ನು ದಾಟಿ ಶಿವನ ಸನ್ನಿಧಿ ಸೇರುತ್ತಾರೆ. ಅನೇಕರು ರಾತ್ರಿಯೇ ಹತ್ತುತ್ತಾರೆ. ಕತ್ತಲಲ್ಲಿ ಕಾಣುವುದು ಮುಂದಿನ ಮೆಟ್ಟಿಲು ಮಾತ್ರ. ಮನಸ್ಸಿನ ನೂರು ಚಿಂತೆಗಳು ಒಂದು ಹೆಜ್ಜೆಗೆ ಇಳಿಯುತ್ತವೆ. ಕೊನೆಗೆ ತುದಿಯಲ್ಲಿ ಬೆಳಗಾದಾಗ ಒದಗುವ ಆನಂದದಲ್ಲಿ ಸೂರ್ಯೋದಯದ ಪಾಲೆಷ್ಟೋ ದಣಿವಿನ ಪಾಲೂ ಅಷ್ಟೇ.

ಆದರೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಇದೇ ಬೆಟ್ಟದಲ್ಲಿ ಇತ್ತೀಚಿನ ವರ್ಷಗಳಲ್ಲಿ ಉಸಿರಾಟದ ತೊಂದರೆಯಿಂದ, ಹೃದಯಾಘಾತದಿಂದ ಪ್ರಾಣ ಕಳೆದುಕೊಂಡವರಿದ್ದಾರೆ. ಆನೆಮಲೆ ಹುಲಿ ಸಂರಕ್ಷಿತ ಅರಣ್ಯ. ಅಲ್ಲಿ ನಾವು ಅತಿಥಿಗಳು. ಅರಣ್ಯ ಇಲಾಖೆ ಬೇಡವೆಂದ ಕಡೆ ಕಾಲಿಡುವುದು ಸಾಹಸವಲ್ಲ. 1970ರಲ್ಲಿ, ತಮ್ಮ ಬಾಳಿನ ಕೊನೆಯ ವರ್ಷ, ಮ್ಯಾಸ್ಲೊ ಅವರೇ ತಮ್ಮ ಗ್ರಂಥಕ್ಕೆ ಹೊಸ ಮುನ್ನುಡಿ ಬರೆದು, ಶಿಖರಾನುಭವಕ್ಕಾಗಿಯೇ ಬೆನ್ನುಹತ್ತಿ ಓಡುವವರನ್ನು ಎಚ್ಚರಿಸಿದರು. ಬೆನ್ನಟ್ಟಿದಷ್ಟೂ ಇನ್ನೂ ತೀವ್ರವಾದದ್ದು ಬೇಕೆನಿಸುತ್ತದೆ, ಸುತ್ತಲಿನವರು ಮರೆತುಹೋಗುತ್ತಾರೆ. ಅವರು ಅದರ ಜೊತೆಗೆ ಪ್ರಸ್ಥಭೂಮಿಯಂಥ ಪ್ರಶಾಂತ ಅನುಭವವೊಂದನ್ನೂ ವಿವರಿಸಿದರು. ದಿನದ ಬದುಕನ್ನೇ ಬೆರಗಿನಿಂದ ಕಾಣುವ ಬಗೆ ಅದು. ನಿಧಾನವಾಗಿ, ಅಭ್ಯಾಸದಿಂದ ಬರುವಂಥದು. ಮೊಬೈಲಿನ ಚಿತ್ರಕ್ಕಾಗಿ ಬಂಡೆಯಂಚಿಗೆ ಸರಿಯುವ ನಮ್ಮ ಹುಡುಗರಿಗೆ ಈ ಭೇದವನ್ನು ತಿಳಿಸಿಕೊಡುವುದು ಇಂದು ಅತ್ಯವಶ್ಯ.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ: ಅಂಜಿಕೆಯಿಂದ ಮಕ್ಕಳನ್ನು ಕಟ್ಟಿಹಾಕಬೇಡಿ, ಅಜಾಗ್ರತೆಯಿಂದ ಬಿಟ್ಟುಬಿಡಲೂ ಬೇಡಿ. ಮೊದಲು ಊರ ಗುಡ್ಡ, ಅನಂತರ ಬೆಟ್ಟ. ಬಲ್ಲವರ ಜೊತೆ, ಅನುಮತಿ ಪಡೆದು, ದೇಹದ ಆರೋಗ್ಯ ಅರಿತು. ಅರ್ಧದಾರಿಯಿಂದ ಹಿಂದಿರುಗುವುದು ಅವಮಾನವಲ್ಲವೆಂಬುದನ್ನೂ ಕಲಿಸಿ.

ಉಪಾಧ್ಯಾಯರಲ್ಲಿ ಇನ್ನೊಂದು ವಿನಂತಿ. ಮರಳಿ ಬಂದ ಮಗುವನ್ನು ಎಷ್ಟು ಎತ್ತರ ಹತ್ತಿದೆ ಎಂದಷ್ಟೇ ಕೇಳದೆ, ಏನು ಕಂಡೆ, ಏನನ್ನಿಸಿತು ಎಂದು ಕೇಳಿ. ಅದನ್ನು ತನ್ನ ಮಾತಿನಲ್ಲಿ ಬರೆಯಿಸಿ. ಮಾತಿಗೆ ಬಾರದ ಅನುಭವ ಬೇಗ ಮಾಸುತ್ತದೆ. ಮಾತಾದದ್ದು ಬಾಳಿಗೆ ಒದಗುತ್ತದೆ. ತಮಿಳು ನೆಲದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ, ಎದೆಯಾಳದ ಸಂಗತಿಯನ್ನು ತಾಯ್ನುಡಿಯಲ್ಲಿ ಹೇಳುವ ಕಸುವನ್ನು ಕನ್ನಡ ಶಾಲೆಯಲ್ಲದೆ ಬೇರೆ ಯಾರು ಕೊಟ್ಟಾರು? ಎರಡನೆಯ ಶತಮಾನದಲ್ಲಿಯೂ ಈ ಶಾಲೆ ಆ ಕಸುವನ್ನು ಕೊಡುತ್ತಿರಲಿ ಎಂದು ಹಾರೈಸುತ್ತೇನೆ.